ಸಿನಿಮಾ ನೋಡದೆ ಪ್ರಶಸ್ತಿ ಹೇಳುತ್ತಿದ್ದ ಕಾಕಾ

ಮೊನ್ನೆ ಹಲ್ಲಿನ ಡಾಕ್ಟರರ ಬಳಿ ನನ್ನ ಪಾಳಿಗಾಗಿ ಕಾಯುತ್ತ ಕೂತಿದ್ದೆ. ಗೋಡೆಯ ಟೀವಿಯಲ್ಲಿ ಕೋಟು ತೊಟ್ಟ ಒಂದಷ್ಟು ಜನ ಈ ವರ್ಷದ ಸಿನಿಮಾ ಪ್ರಶಸ್ತಿಗಳು ಯಾರ ಪಾಲಾಗುತ್ತವೆ ಎಂದು ವಾದಕ್ಕಿಳಿದಿದ್ದರು. ಅವರಲ್ಲೊಬ್ಬ ಗಡ್ಡ ನೀವಿಕೊಳ್ಳುತ್ತ, "ಆ ಚಿತ್ರ ನಾನಿನ್ನೂ ನೋಡಿಲ್ಲ, ಆದರೂ ಹೇಳುತ್ತೇನೆ" ಎಂದ. ಹಲ್ಲುನೋವು ಮರೆತು ನನಗೆ ನಗು ಬಂತು. ಬಾವು ಬಂದ ಕೆನ್ನೆ ಹಿಡಿದುಕೊಂಡು ನಗುವ ಹೆಂಗಸನ್ನು ಪಕ್ಕದವರು ಅನುಮಾನದಿಂದ ನೋಡಿದರು. ಅವರಿಗೆ ವಿವರಿಸುವುದಾಗಲಿಲ್ಲ. ನಿಮಗಾದರೂ ಹೇಳುತ್ತೇನೆ. ಈ ವಿದ್ಯೆಯಲ್ಲಿ ಪಳಗಿದವರೊಬ್ಬರನ್ನು ನಾನು ಎಂಬತ್ತರ ದಶಕದಲ್ಲೇ, ಅಣ್ಣಿಗೇರಿಯ ಒಂದು ಹತ್ತಿ ದಲಾಲಿಯ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕಂಡಿದ್ದೆ.

ಅವರು ನನ್ನ ಅಪ್ಪನ ತಮ್ಮ, ಈರಣ್ಣ ಕಾಕಾ. ನಾನು ಆಗಷ್ಟೇ ಅಲ್ಲಿಯ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದೆ. ಕಾಕಾ ಮತ್ತು ಅವರ ಹೆಂಡತಿ ಚಿಗವ್ವನ ಮನೆಯಲ್ಲೇ ನನ್ನ ವಾಸ. ಕಾಕಾನಿಗೆ ಹತ್ತಿಯ ವ್ಯಾಪಾರ ಹೊಟ್ಟೆಪಾಡಾದರೆ, ಪ್ರಶಸ್ತಿ ಊಹಿಸುವುದು ಖಯಾಲಿ. ಬೆಂಗಳೂರಿನ ಪತ್ರಿಕೆಗಳ ಸಿನಿಮಾ ಪುಟ, ಹುಬ್ಬಳ್ಳಿಯಿಂದ ತರಿಸುವ ಸಿನಿಮಾ ವಾರಪತ್ರಿಕೆ ಎಲ್ಲವನ್ನೂ ಕನ್ನಡಕ ಮೂಗಿನ ತುದಿಗಿಳಿಸಿ ಓದುವರು. ವಿಮರ್ಶಕರ ಪ್ರಶಸ್ತಿಯ ಕಾಲ ಬಂತೆಂದರೆ ಹತ್ತಿ ತಂದ ರೈತರೂ ದರ ಕೇಳುವ ಮೊದಲು, "ಈ ಸಲ ಯಾರಿಗ್ರಿ ಸಾವಕಾರ್ರ?" ಎನ್ನುವರು. ಕಾಕಾ ಹೇಳಿದ್ದು ಹೆಚ್ಚಾಗಿ ನಿಜವಾಗುತ್ತಿತ್ತು.

ಅವರ ಸೂತ್ರ ಸರಳ. "ಬೆಳಕು ಕಡಿಮಿ, ಮಾತು ಕಡಿಮಿ, ಚಕ್ಕಡಿ ಸಾವಕಾಶ ಹೊಂಟಿರಬೇಕು. ವಿಮರ್ಶಕರು ಅಂಥಾದ್ದಕ್ಕ ಬಿದ್ದ ಹೋಗ್ತಾರ." ಹೋದ ವರ್ಷ ಪ್ರಶಸ್ತಿ ಕೈತಪ್ಪಿ ಮುನಿಸಿಕೊಂಡ ನಟಿಗೆ ಈ ವರ್ಷ ಸಮಾಧಾನಕ್ಕೆ ಒಂದು ಸಿಗಲೇಬೇಕು ಎನ್ನುವುದೂ ಸೂತ್ರದ ಭಾಗ. ಸಿನಿಮಾ ಮಾತ್ರ ಅವರು ನೋಡುತ್ತಿರಲಿಲ್ಲ. ಚಿಗವ್ವ ಎಷ್ಟು ಸಲ ಕರೆದರೂ ಒಂದೇ ಉತ್ತರ: "ನೋಡಿದ್ರ ಮನಸ್ಸು ಕೆಡತೈತಿ. ಒಬ್ಬಾಕಿ ಅತ್ತದ್ದು ಎದಿಗೆ ತಾಗತೈತಿ. ಆಮ್ಯಾಲ ಲೆಕ್ಕಾ ತಪ್ಪತೈತಿ." ನನಗೂ ಆಗ ಅದು ಭಾರಿ ವಿವೇಕದ ಮಾತಾಗಿ ಕೇಳಿತ್ತು. ಹೊಸ ಶಿಕ್ಷಕಿಯರಿಗೆ ಗಟ್ಟಿಯಾಗಿ ಹೇಳಿದ್ದೆಲ್ಲ ವಿವೇಕವೇ.

ಈ ಲೆಕ್ಕ ಊರಿನ ಕಾಲಿಗೆ ಅಡ್ಡ ಬಂದದ್ದು ಚಂದ್ರಾಬಾಯಿಯವರ ವಿಷಯದಲ್ಲಿ. ಅವರು ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ ರಾಣಿ, ಸತಿ, ಸವತಿ ಎಲ್ಲ ಆಗಿ, ಕಂಪನಿಗಳು ಮುಚ್ಚಿದ ಮೇಲೆ ತಂಗಿಯ ಜೊತೆ ನಮ್ಮ ಓಣಿಯ ತುದಿಗೆ ಬಂದು ನೆಲೆಸಿದ್ದರು. ಊರು ಅವರನ್ನು ದೂರದಿಂದಲೇ ನೋಡುತ್ತಿತ್ತು. ಹೆಂಗಸರು ಅರಿಷಿಣ ಕುಂಕುಮಕ್ಕೆ ಕರೆಯುತ್ತಿರಲಿಲ್ಲ, ಗಂಡಸರು ಹಗಲಿನಲ್ಲಿ ಮಾತನಾಡಿಸುತ್ತಿರಲಿಲ್ಲ. ಹೀಗಿರುವಾಗ ಒಬ್ಬ ಹೊಸ ನಿರ್ದೇಶಕ ಯರಗುಪ್ಪಿಯ ಎರೆಹೊಲಗಳಲ್ಲಿ ಒಂದು ಸಿನಿಮಾ ತೆಗೆದ. ಪೊಲೀಸರಿಂದ ಮಗನನ್ನು ಬಚ್ಚಿಡುವ ಮುದುಕಿಯ ಪಾತ್ರಕ್ಕೆ ಇವರನ್ನು ಕರೆದುಕೊಂಡ. ಸಿನಿಮಾ ಹುಬ್ಬಳ್ಳಿಯಲ್ಲಿ ಬೆಳಗಿನ ಆಟವಾಗಿ ಬಂತು. ವಿಮರ್ಶಕರ ಪೋಷಕ ನಟಿ ಪ್ರಶಸ್ತಿ ಬರಬಹುದಾದವರ ಪಟ್ಟಿಗೆ ಪತ್ರಿಕೆಯೊಂದು ಅವರ ಹೆಸರನ್ನೂ ಸೇರಿಸಿತು. ಅಷ್ಟು ಸಾಕಾಯಿತು, ಚಂದ್ರಾಬಾಯಿ ಒಂದೇ ದಿನದಲ್ಲಿ "ನಮ್ಮೂರಾಕಿ" ಆಗಿಬಿಟ್ಟರು.

ಊರವರು ಮೆರವಣಿಗೆಗೆ ಬ್ಯಾಂಡು ಗೊತ್ತುಮಾಡಿದರು. ಸ್ವಾಗತ ಗೀತೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಚಂದ್ರಾಬಾಯಿ ಎಂಬುದಕ್ಕೆ ಪ್ರಾಸ ಹುಡುಕಿ, ಸಿಗದೆ, ಚಂದಿರ, ಮಂದಿರ ಎಂದು ಏನೋ ಹೊಸೆದೆ. ಮಕ್ಕಳು ಪಾಪ, ಬಾಯಿಪಾಠ ಮಾಡಿದರು. ಉಳಿದದ್ದು ಕಾಕಾನ ಬಾಯಿಂದ ಒಂದು ಮಾತು. ಊರ ಹಿರಿಯರು ಅಂಗಡಿಗೆ ಬಂದು ಕೂತು, "ನಮ್ಮ ಬಾಯಾರಿಗೆ ಬಂದಂಗ ಅಲ್ರಿ?" ಎಂದರು.

"ಬರೂದಿಲ್ಲ" ಎಂದರು ಕಾಕಾ.

"ಹಂಗ್ಯಾಕಂತೀರಿ? ಊರ ಮರ್ಯಾದಿ ಪ್ರಶ್ನಿ ಐತಿ."

"ಊರ ಮರ್ಯಾದಿ ವಿಮರ್ಶಕರಿಗೆ ಗೊತ್ತಿಲ್ಲಪಾ. ಹ್ವಾದ ವರ್ಷ ತಪ್ಪಿದಾಕಿ ಒಬ್ಬಾಕಿ ಅದಾಳ. ಆಕಿಗೇ ಕೊಡ್ತಾರ."

ಅಂದಿನಿಂದ ಕಟ್ಟೆ ಖಾಲಿಯಾಯಿತು. ಚಾ ಕುಡಿಯಲು ಬರುತ್ತಿದ್ದವರು ಎದುರಿನ ಅಂಗಡಿಗೆ ಹೋಗಿ ಇತ್ತ ಬೆನ್ನು ಹಾಕಿ ಕೂರತೊಡಗಿದರು. ಕಾಕಾ ಪತ್ರಿಕೆ ಓದುತ್ತಲೇ ಇದ್ದರು.

ಒಂದು ಸಂಜೆ ಚಂದ್ರಾಬಾಯಿಯವರೇ ನಮ್ಮ ಮನೆಗೆ ಬಂದರು. ಬಿಳಿ ಕೂದಲನ್ನು ಬಿಗಿದು ತುರುಬು ಕಟ್ಟಿದ್ದರು. ಇಳಕಲ್ಲ ಸೀರೆ, ನೆಟ್ಟಗಿನ ಬೆನ್ನು. ಬಾಗಿಲ ಚೌಕಟ್ಟಿನಲ್ಲಿ ನಿಂತಾಗ ನಮ್ಮ ಪಡಸಾಲೆಯೇ ರಂಗವಾದಂತೆ ಕಂಡಿತು.

"ಬರ್ರಿ ಬಾಯಾರ, ಕುಂದರ್ರಿ" ಎಂದರು ಕಾಕಾ. ಚಿಗವ್ವ ಚಹಾ ತಂದಿಟ್ಟಳು.

"ನನಗ ಬರೂದಿಲ್ಲ ಅಂದ್ರಂತ, ಸಾವಕಾರ್ರ."

"ಅಂದೀನ್ರಿ. ಸಿಟ್ಟಾಗಬ್ಯಾಡ್ರಿ."

"ಬರದಿದ್ರ ಬಿಡ್ಲಿ. ನಾ ಅದನ್ನ ಕೇಳಾಕ ಬಂದಿಲ್ಲ. ನಾ ಹ್ಯಾಂಗ ಮಾಡೀನಿ, ಅದನ್ನ ಹೇಳ್ರಿ."

ಚಂದ್ರಾಬಾಯಿ ಚಹಾದ ಬಟ್ಟಲನ್ನು ಕೈಗೆತ್ತಿಕೊಂಡರು. ಅವರೇ ಮುಂದುವರಿಸಿದರು: "ಊರ ಮಂದಿ ಎಲ್ಲಾ ಛಲೋ ಮಾಡೀರಿ ಅಂತಾರ. ಹಾರಾ ಹಿಡಕೊಂಡು ನಿಂತಾವ್ರು ಬ್ಯಾರೆ ಏನ ಹೇಳ್ಯಾರು? ಇಲ್ಲ ಅಂದಾವ್ರು ನೀವೊಬ್ಬರು. ಅದಕ್ಕ ನಿಮ್ಮ ಮಾತು ಖರೆ ಇದ್ದೀತು ಅಂತ ಬಂದೆ. ಇನ್ನೊಂದು ಸಿನಿಮಾಕ್ಕ ಕರದಾರ. ಹೋಗ್ಲ್ಯೋ ಬ್ಯಾಡೋ ತಿಳಿವಲ್ದು. ನಾಟಕದಾಗ ಮಂದಿ ಎದುರಿಗೆ ಇರ್ತಿದ್ರು, ತಪ್ಪಿದ್ರ ಅಲ್ಲೇ ಗೊತ್ತಾಗ್ತಿತ್ತು. ಕ್ಯಾಮರಾ ಏನೂ ಹೇಳೂದಿಲ್ರಿ."

ಕಾಕಾ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. "ನಾ ಸಿನಿಮಾ ನೋಡಿಲ್ರಿ ಬಾಯಾರ."

"ನೋಡಿಲ್ಲ?"

"ಇಲ್ರಿ."

ಚಂದ್ರಾಬಾಯಿ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟರು. "ನೋಡಿ ಇಲ್ಲ ಅಂದಿದ್ರ ಬ್ಯಾಸರ ಆಗ್ತಿದ್ದಿಲ್ಲ ನೋಡ್ರಿ" ಎಂದಷ್ಟೇ ಹೇಳಿ ಎದ್ದು ಹೋದರು. ಚಿಗವ್ವ ಆ ಬಟ್ಟಲನ್ನು ಎತ್ತಿಕೊಳ್ಳುತ್ತ ಕಾಕಾನಿಗೆ, "ಇಷ್ಟ ವರ್ಷ ನಾ ಹೇಳಿದ್ದು ಕಿವಿಗೆ ಬೀಳಲಿಲ್ಲ ನಿಮಗ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿರಬೇಕು.

ಸಿನಿಮಾ ಅಷ್ಟರಲ್ಲಿ ಹುಬ್ಬಳ್ಳಿ ಬಿಟ್ಟಿತ್ತು. ಕಾಕಾ ಎಲ್ಲೆಲ್ಲೋ ವಿಚಾರಿಸಿ, ಅಳ್ನಾವರದ ಟಾಕೀಸಿಗೆ ಬಂದಿದೆಯೆಂದು ಪತ್ತೆಹಚ್ಚಿದರು. ಆ ಭಾನುವಾರ ನಾವು ಮೂವರೂ ರೈಲು ಹತ್ತಿದೆವು. ಸಿನಿಮಾಕ್ಕೆಂದು ಗಂಡನ ಜೊತೆ ಮೊದಲ ಸಲ ಹೊರಟ ಚಿಗವ್ವ ದಾರಿಗೆ ಅವಲಕ್ಕಿ, ಶೇಂಗಾದ ಉಂಡೆ ಕಟ್ಟಿಕೊಂಡಿದ್ದಳು. ಧಾರವಾಡ ದಾಟಿದ ಮೇಲೆ ಕಿಟಕಿಯಾಚೆ ಕರಿನೆಲ ಹೋಗಿ ಗಿಡಗಳು ದಟ್ಟವಾದವು. ಕಾಕಾ ಪರೀಕ್ಷೆಗೆ ಹೊರಟವರಂತೆ ಟೋಪಿಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದರು.

ಪೋಸ್ಟರಿನಲ್ಲಿ ನಾಯಕ ಕೊಡಲಿ ಹಿಡಿದು ನಿಂತಿದ್ದರಿಂದ, ಹೊಡೆದಾಟ ಇರಬೇಕೆಂದು ಬಂದ ಹುಡುಗರೇ ಟಾಕೀಸಿನಲ್ಲಿ ಹೆಚ್ಚು. ಕೊಡಲಿ ಕಟ್ಟಿಗೆ ಒಡೆಯಲಿಕ್ಕೆ ಮಾತ್ರ ಎಂದು ತಿಳಿದಾಗ ಶಿಳ್ಳೆ ಎದ್ದವು. "ಲೇ, ದೀಪಾ ಹಚ್ಚಲೇ!" ಎಂದು ಯಾರೋ ಪರದೆಗೆ ಕೂಗಿದ. ಅರ್ಧ ಜನ ಎದ್ದು ಹೋದರು. ಬೆಳಕು, ಮಾತು, ಚಕ್ಕಡಿ ಎಲ್ಲವೂ ಕಾಕಾನ ಸೂತ್ರದಂತೆಯೇ ಇದ್ದವು.

ಆಮೇಲೆ ಆ ದೃಶ್ಯ ಬಂತು. ಮುದುಕಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಮಗ ಅಲ್ಲೇ ಜೋಳದ ಚೀಲಗಳ ಹಿಂದೆ ಅಡಗಿದ್ದಾನೆ. ಪೊಲೀಸಿನವನು ಹೊಸ್ತಿಲಲ್ಲಿ ನಿಂತು ಮಗನೆಲ್ಲಿ ಎಂದು ಕೇಳುತ್ತಾನೆ. ಮುದುಕಿ ತಲೆಯೆತ್ತದೆ, ಊರಿಗೆ ಹೋಗಿದ್ದಾನೆ ಎನ್ನುತ್ತಾಳೆ. ಕೈ ನಿಲ್ಲುವುದಿಲ್ಲ. ರೊಟ್ಟಿ ಅಗಲವಾಗುತ್ತದೆ, ತೆಳ್ಳಗಾಗುತ್ತದೆ, ಆಕೆ ಅದನ್ನೇ ಬಡಿಯುತ್ತಾಳೆ. ಶಿಳ್ಳೆಗಳು ಯಾವಾಗ ನಿಂತವೋ ಗೊತ್ತಾಗಲಿಲ್ಲ. "ಯವ್ವಾ, ರೊಟ್ಟಿ ಹರೀತೈತಿ" ಎಂದು ಚಿಗವ್ವ ಪಿಸುಗುಟ್ಟಿದಳು. ನಾನು ಕಾಕಾನ ಕಡೆ ನೋಡಿದೆ. ಅವರು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಮರುದಿನ ಸಂಜೆ ಚಂದ್ರಾಬಾಯಿಯವರ ಮನೆಗೆ ಹೊರಟಾಗ ಕಾಕಾ ನನ್ನನ್ನೂ ಕರೆದರು. "ನೀನೂ ಬಾರವ್ವಾ. ನನಗ ಒಬ್ಬಾವಗ ಧೈರ್ಯ ಸಾಲವಲ್ದು."

ಕೂತವರೇ ಪೀಠಿಕೆಯಿಲ್ಲದೆ ಶುರುಮಾಡಿದರು. "ನೋಡಿ ಬಂದೆ. ಅಂಜಿದಾವ್ರ ಪಾತ್ರ ಬಂದ್ರ ಎಲ್ಲಾರೂ ಕೈ ನಡಗಸ್ತಾರ. ನೀವು ನಡಗಸಲಿಲ್ಲ. ಬಡಿಯೂ ಸಪ್ಪಳ ನಿಂತ್ರ ಒಳಗಿನ ಮಗನ ಉಸಿರು ಕೇಳಸತೈತಿ ಅಂತ ಬಡಕೋತ ಹ್ವಾದ್ರಿ. ನನಗ ಹಂಗ ಕಾಣಸ್ತು."

ಚಂದ್ರಾಬಾಯಿ ಸ್ವಲ್ಪ ಮುಂದಕ್ಕೆ ಬಾಗಿದರು. "ಮತ್ತ?"

"ಕಡೀಕ ಅಳೂದು ಐತೆಲ್ರಿ..."

"ಹೇಳ್ರಿ, ಹೇಳ್ರಿ."

"ಅದು ಕಂಪನಿ ನಾಟಕ ಆತ್ರಿ. ಹಿಂದಿನ ಸಾಲಿಗೆ ಕೇಳಸ್ಲಿ ಅಂತ ಅತ್ತಂಗ ಆತು."

ಅಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದಂತೆ ಇವತ್ತೂ ಏಳುತ್ತಾರೆ ಎಂದು ನಾನು ನೆಲ ನೋಡಿದೆ. ಚಂದ್ರಾಬಾಯಿ ಗಟ್ಟಿಯಾಗಿ ನಕ್ಕುಬಿಟ್ಟರು. "ಖರೆ ಅಂದ್ರಿ! ಅವತ್ತ ಯರಗುಪ್ಪಿ ಮಂದಿ ಎಲ್ಲಾ ಶೂಟಿಂಗ್ ನೋಡಾಕ ಬಂದು ನಿಂತಿತ್ತು. ಅಷ್ಟು ಮಂದಿ ಕಂಡ ಕೂಡ್ಲೇ ನನ್ನ ಕೊರಳು ತಾನ ಎದ್ದುಬಿಡ್ತು." ಆಮೇಲೆ ಸೆರಗಿನಿಂದ ಕಣ್ಣಿನ ಮೂಲೆ ಒತ್ತಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು: "ರೊಟ್ಟೀದು ಡೈರೆಕ್ಟರ್ ಹೇಳಿಕೊಟ್ಟಿದ್ದಲ್ಲರಿ. ನನಗ ಹೊಳೀತು, ಮಾಡಿದೆ. ಯಾರಿಗೂ ಕಂಡಿಲ್ಲ ಅಂತ ತಿಳಿದಿದ್ದೆ."

ಪ್ರಶಸ್ತಿಯ ಸುದ್ದಿ ಬಂದದ್ದು ಅದಾಗಿ ಕೆಲವು ದಿನಗಳಿಗೆ. ಕಾಕಾ ಹೇಳಿದ್ದ ನಟಿಗೇ ಬಂದಿತ್ತು. ಎದುರಿನ ಅಂಗಡಿಯಿಂದ ಒಬ್ಬರು ದಾಟಿ ಬಂದು, "ಗೆದ್ರಿ ಬಿಡ್ರಿ ಸಾವಕಾರ್ರ" ಎಂದರೆ, "ಏನ ಗೆದ್ದಂಗಾತಪಾ" ಎಂದು ಕಾಕಾ ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. ಊರ ಹಿರಿಯರು ಬ್ಯಾಂಡಿನವರಿಗೆ ಬರಬೇಡಿರೆಂದು ಹೇಳಿ ಕಳಿಸಿದರು. ನನ್ನ ಸ್ವಾಗತ ಗೀತೆಯನ್ನು ಮಕ್ಕಳು ಮುಂದೆ ಇನ್ಸ್‌ಪೆಕ್ಟರ್ ಸಾಹೇಬರ ಭೇಟಿಗೆ ಹಾಡಿದರು. ಹೆಸರು ಬದಲಿಸಿದ್ದರಿಂದ ಛಂದಸ್ಸು ಕುಂಟಿತು. ಸಾಹೇಬರಿಗೆ ಅದು ತಿಳಿಯಲಿಲ್ಲ. ಊರು ಚಂದ್ರಾಬಾಯಿಯವರನ್ನು ಮತ್ತೆ ದೂರದಿಂದ ನೋಡತೊಡಗಿತು. ಚಿಗವ್ವ ಮಾತ್ರ ಶ್ರಾವಣದಲ್ಲಿ ಖುದ್ದಾಗಿ ಹೋಗಿ ಅವರನ್ನು ಅರಿಷಿಣ ಕುಂಕುಮಕ್ಕೆ ಕರೆದು ಬಂದಳು.

ಚಂದ್ರಾಬಾಯಿ ಎರಡನೆಯ ಸಿನಿಮಾದಲ್ಲಿ ಪಾತ್ರ ಮಾಡಲು ಹೋದರು, ಆಮೇಲೂ ಕೆಲವು ಮಾಡಿದರು. ಪ್ರಶಸ್ತಿ ಯಾವುದಕ್ಕೂ ಬರಲಿಲ್ಲ. ಪ್ರತಿಯೊಂದನ್ನೂ ಕಾಕಾ, ಚಿಗವ್ವ ಹುಬ್ಬಳ್ಳಿಗೆ ಹೋಗಿ ನೋಡಿಬಂದರು, ಕಾಕಾ ಓಣಿಯ ತುದಿಯ ಮನೆಗೆ ಹೋಗಿ ವರದಿ ಒಪ್ಪಿಸಿದರು. ಸಿನಿಮಾ ನೋಡುವ ಚಟ ಹತ್ತಿದ ಮೇಲೆ ಅವರ ಊಹೆಗಳು ಒಂದರ ಮೇಲೊಂದು ಸುಳ್ಳಾಗತೊಡಗಿದವು. ತಮಗೆ ಹಿಡಿಸಿದವರ ಹೆಸರನ್ನೇ ಹೇಳಿಬಿಡುತ್ತಿದ್ದರು. ರೈತರು ಕೇಳುವುದನ್ನು ಬಿಟ್ಟು ಸೀದಾ ಹತ್ತಿಯ ದರಕ್ಕೆ ಬಂದರು. ಕಾಕಾನಿಗೆ ಅದರಿಂದ ಬೇಸರವಾದಂತೆ ನನಗೆ ಕಾಣಲಿಲ್ಲ. ಈಗ ಕಾಕಾ, ಚಿಗವ್ವ, ಚಂದ್ರಾಬಾಯಿ ಮೂವರೂ ಇಲ್ಲ.

ಹಲ್ಲುನೋವು ಕಡಿಮೆಯಾದ ಮೇಲೆ, ಈ ಭಾನುವಾರ ನಾನೊಬ್ಬಳೇ ಹುಬ್ಬಳ್ಳಿಯಲ್ಲಿ ಒಂದು ಸಿನಿಮಾಕ್ಕೆ ಹೋಗಿದ್ದೆ. ಹೊರಬರುವಾಗ ಒಂದು ಹುಡುಗಿ ಮೈಕು ಮುಂದೆ ಹಿಡಿದು, "ಮೇಡಂ, ಈ ಪಿಕ್ಚರಿಗೆ ಅವಾರ್ಡ್ ಬರುತ್ತಾ?" ಎಂದಳು.

"ಅದು ಗೊತ್ತಿಲ್ಲವ್ವಾ. ಆದ್ರ ಆ ನರ್ಸ್ ಆಗ್ಯಾಳಲ್ಲ, ಆಕಿ ಕಿಟಕಿ ಮುಚ್ಚೂ ಮುಂದ..." ಎನ್ನುವಷ್ಟರಲ್ಲಿ ಮೈಕು ನನ್ನ ಹಿಂದಿನವರ ಬಾಯಿಗೆ ಹೋಗಿತ್ತು. ಮಾತು ಮಾತ್ರ ನನ್ನ ಬಾಯಲ್ಲೇ ಉಳಿದಿತ್ತು. ಆಟೋ ಹತ್ತಿ ಕೂತೆ. ಸ್ವಲ್ಪ ದೂರ ಹೇಳದೆ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಆ ನರ್ಸು ಕಿಟಕಿಯ ಒಂದು ಬಾಗಿಲನ್ನಷ್ಟೇ ಮುಚ್ಚಿ, ಇನ್ನೊಂದರ ಮೇಲೆ ಕೈಯಿಟ್ಟು ನಿಂತದ್ದನ್ನು ಡ್ರೈವರನಿಗೇ ಹೇಳತೊಡಗಿದೆ.

ಅವನು ಗಾಡಿಯ ವೇಗ ತಗ್ಗಿಸಿದ. "ಯಾಕ್ರಿ ಅಕ್ಕಾರ, ಇನ್ನೊಂದು ಯಾಕ ಮುಚ್ಚಲಿಲ್ಲ?"