ಚೆಲುವರಾಜು ರಿಪೇರಿ ಮಾಡದ ಕಾರು

ಮೇಟಗಳ್ಳಿಯ ಮೆಕ್ಯಾನಿಕ್ ಚೆಲುವರಾಜುವಿನ ಬಾಯಿ ಸ್ವಲ್ಪ ಜೋರು. ಕಾರು ತಂದವರು "ಎಂಜಿನ್ನೇ ಹೋಯ್ತೇನೋ" ಎಂದು ಗಾಬರಿಬಿದ್ದರೆ, "ಡಾಕ್ಟ್ರು ನೀವೋ ನಾನೋ? ಸುಮ್ನೆ ಆ ಕಡೆ ಕೂತ್ಕೊಳ್ರೀ" ಎಂದು ಗದರಿಬಿಡುತ್ತಿದ್ದ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಗಿರಾಕಿಗೆ ಒಂದೇ ಒಂದು ಸುಳ್ಳು ಹೇಳಿದವನಲ್ಲ. ಪೆಟ್ರೋಲ್ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡು ಗಾಡಿ ಜಗ್ಗುತ್ತಿದ್ದರೆ ಕಸ ಎಂದೇ ಹೇಳುತ್ತಿದ್ದ. ಅವನ ಶೆಡ್ಡಿನ ಹೆಸರು ನಿಂತಿದ್ದೇ ಅದರ ಮೇಲೆ.

ಚಾಮರಾಜಪುರಂನ ಗುರುಕಿರಣನ ಕೆಂಪು ಕಾರು ಕಂಡರೆ ಮಾತ್ರ ಅವನಿಗೆ ಸಿಟ್ಟೂ ಪ್ರೀತಿಯೂ ಒಟ್ಟಿಗೇ ಬರುತ್ತಿದ್ದವು. ಹತ್ತು ವರ್ಷ ಹಳೆಯ ಪುಟ್ಟ ಗಾಡಿ. ಆಕ್ಸಿಲರೇಟರಿಗೆ ಕಾಲು ತಾಗಿಸಿದರೆ ಸಾಕು, ಹಾರುತ್ತಿತ್ತು. ಇಪ್ಪತ್ತಮೂರರ ಹುಡುಗ ಅದನ್ನು ಕೆಆರ್‌ಎಸ್ ರಸ್ತೆಯಲ್ಲಿ ಓಡಿಸುತ್ತಿದ್ದ ಪರಿಗೆ ಬ್ರೇಕ್ ಪ್ಯಾಡುಗಳು ಮೂರು ತಿಂಗಳೂ ಬಾಳುತ್ತಿರಲಿಲ್ಲ, ಕ್ಲಚ್ಚು ಸುಟ್ಟ ವಾಸನೆ ಹೊಡೆಯುತ್ತಿತ್ತು. "ಇದು ಕಾರು ಕಣಪ್ಪ, ರಾಕೆಟ್ ಅಲ್ಲ" ಎಂದು ಬೈಯುತ್ತಲೇ ಚೆಲುವರಾಜು ಸರಿ ಮಾಡಿ ಕೊಡುತ್ತಿದ್ದ. "ನೀವಿರುವಾಗ ನಂಗೇನು ಭಯ ಅಣ್ಣಾ" ಎಂದು ಹುಡುಗ ನಗುತ್ತಿದ್ದ.

2004ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಕಾರು ಸ್ಟಾರ್ಟೇ ಆಗಲಿಲ್ಲ. ಹಗ್ಗ ಕಟ್ಟಿ ಎಳೆದು ತಂದು, ಶೆಡ್ಡಿನಲ್ಲಿ ಬಿಟ್ಟು ಹುಡುಗ ಕೆಲಸಕ್ಕೆ ಹೋದ. ಚೆಲುವರಾಜು ಪಕ್ಕದ ವೆಲ್ಡಿಂಗ್ ಅಂಗಡಿಯ ಪ್ರಸನ್ನನನ್ನು ಕರೆದು ಕೀ ತಿರುಗಿಸಲು ಹೇಳಿ ನೋಡಿದ. ಪ್ಲಗ್ಗಿಗೆ ಕಿಡಿಯೇ ಬರುತ್ತಿಲ್ಲ. ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಹೊರಡುವ ದಪ್ಪ ವೈರು ಹೊರಗೆ ನೆಟ್ಟಗಿದ್ದು ಒಳಗೇ ತುಂಡಾಗಿತ್ತು. ಹೊಸ ವೈರು ಹಾಕಿದರೆ ಮುಗಿಯಿತು, ಐದು ನಿಮಿಷದ ಕೆಲಸ.

ಅಷ್ಟರಲ್ಲಿ ಹುಡುಗನ ತಾಯಿ ಸಿದ್ದಲಿಂಗಮ್ಮ ಆಟೋದಲ್ಲಿ ಬಂದಿಳಿದರು.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಗಾಡಿ ರಿಪೇರಿ ಮಾಡ್ಬೇಡಿ. ಅವರಪ್ಪ ಹೋದ್ಮೇಲೆ ನಂಗಿರೋನು ಇವನೊಬ್ನೇ. ಇವನು ವಾಪಸ್ ಬರೋವರ್ಗೂ ಗೇಟಿನ ಹತ್ರಾನೇ ಜೀವ ಕೈಲಿ ಹಿಡ್ಕೊಂಡು ನಿಂತಿರ್ತೀನಿ."

"ಅವನಿಗೆ ಏನಂತ ಹೇಳ್ಲಿ ತಾಯಿ?"

"ಏನಾದ್ರೂ ಹೇಳ್ಬುಡಿ."

ಆ ಮುಖ ನೋಡಿ ಇಲ್ಲ ಎನ್ನಲು ಅವನಿಗೆ ಆಗಲಿಲ್ಲ, ಆಗಲಿ ಎಂದು ಮಾತು ಕೊಟ್ಟ. ಸಂಜೆ ಬಂದ ಹುಡುಗನಿಗೆ, "ಹಳೇ ಮಾಡೆಲ್ಲು ಕಣಪ್ಪ, ಸಾಮಾನು ಬೆಂಗಳೂರಿಂದ ಬರ್ಬೇಕು" ಎಂದ. ಹುಡುಗ ನಂಬಿದ! ಅದೇ ಚೆಲುವರಾಜುವಿನ ಹೊಟ್ಟೆಗೆ ಚೂರಿ ಹಾಕಿದ ಹಾಗಾಯಿತು. ವಾರಗಳು ಉರುಳಿದವು. ಚೆಲುವರಾಜಣ್ಣನ ಕೈಚಳಕ ಹೋಯಿತು, ಒಂದು ಕಾರು ಎಬ್ಬಿಸಲಾಗುತ್ತಿಲ್ಲ ಎಂದು ಅಕ್ಕಪಕ್ಕದ ಶೆಡ್ಡಿನವರು ಆಡಿಕೊಂಡರು. ಹುಡುಗ ಬದುಕಿರಲಿ, ನನ್ನ ಹೆಸರು ಹಾಳಾದರೆ ಹಾಳಾಗಲಿ ಎಂದು ಎಲ್ಲವನ್ನೂ ನುಂಗಿಕೊಂಡ.

ಐದನೆಯ ಶನಿವಾರ ಗುರುಕಿರಣ ಗೆಳೆಯನ ಬೈಕ್ ಏರಿ ಬಂದ. ತಲೆಯ ಮೇಲೆ ಹೆಲ್ಮೆಟ್ ಇಲ್ಲ. ಚೆಲುವರಾಜು ಕೆಲಸ ಬಿಟ್ಟು ಎದ್ದು ಬಂದ.

"ಇದೇನೋ ಇದು?"

"ಕಾರಿಲ್ವಲ್ಲ ಅಣ್ಣಾ, ಏನ್ಮಾಡ್ಲಿ? ಸಾಮಾನು ಬಂತಾ?"

ನಿಜ ನಾಲಿಗೆಯ ತುದಿಗೆ ಬಂತು. ಆದರೆ ತಾಯಿಗೆ ಮಾತು ಕೊಟ್ಟಾಗಿತ್ತಲ್ಲ. "ಇನ್ನೊಂದು ವಾರ ಕಣಪ್ಪ. ನಿಧಾನಕ್ಕೆ ಹೋಗು" ಎಂದುಬಿಟ್ಟ. ಕಾಲು ಗಂಟೆಯಲ್ಲಿ ಪ್ರಸನ್ನ ಏದುಸಿರು ಬಿಡುತ್ತಾ ಓಡಿಬಂದ. ರಿಂಗ್ ರೋಡಿನ ತಿರುವಿನಲ್ಲಿ ಬೈಕಿಗೆ ಲಾರಿ ಹೊಡೆದಿತ್ತು. ಆಸ್ಪತ್ರೆ ತಲುಪುವ ಮೊದಲೇ ಹುಡುಗನ ಜೀವ ಹೋಯಿತು.

ಹದಿನೈದು ದಿನದ ಮೇಲೆ ಸಿದ್ದಲಿಂಗಮ್ಮ ಶೆಡ್ಡಿಗೆ ಬಂದರು. ಕಣ್ಣಲ್ಲಿ ನೀರು ಕೂಡ ಉಳಿದಿರಲಿಲ್ಲ.

"ನಿಜ ಹೇಳಿ ಅಣ್ಣಾ. ನಾನು ಬೇಡ ಅಂದಿದ್ದಕ್ಕೇ ಗಾಡಿ ನಿಂತಿತ್ತಾ? ನನ್ನ ಮಗನ್ನ ನಾನೇ ಆ ಬೈಕ್ ಹತ್ಸಿದ್ನಾ?"

ಚೆಲುವರಾಜು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವರ ಮುಖವನ್ನೇ ನೋಡುತ್ತಾ ಹೇಳಿದ: "ಇಲ್ಲ ತಾಯಿ. ಎಂಜಿನ್ನೇ ಕೈಕೊಟ್ಟಿತ್ತು. ನೀವು ಬರದೇ ಇದ್ರೂ ಅದನ್ನ ಎಬ್ಬಿಸೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ನಾಚಿಕೆಯಾಗಿ ಅವತ್ತು ಹೇಳ್ಲಿಲ್ಲ, ಅಷ್ಟೇ."

ಅವರು ದೊಡ್ಡದೊಂದು ಉಸಿರು ಬಿಟ್ಟರು. ಆಮೇಲೆ ಅಳು ಬಂತು. ಅತ್ತು ಮುಗಿಸಿ, "ಗುಜರಿಗೆ ಹಾಕ್ಬುಡಿ ಅದನ್ನ" ಎಂದು ಹೊರಟುಹೋದರು.

ಮಾರನೆಯ ದಿನ ಗುಜರಿಯವನು ಬಾನೆಟ್ ಎತ್ತಿ ನೋಡಿ, "ಎಂಜಿನ್ ಚೆನ್ನಾಗೇ ಐತಲ್ಲ ಸ್ವಾಮಿ, ಏನಾಗಿತ್ತು?" ಎಂದ.

"ಕೆಟ್ಟೋಗಿತ್ತು, ತಗೊಂಡು ಹೋಗಯ್ಯಾ" ಎಂದ ಚೆಲುವರಾಜು. ಕೆಂಪು ಕಾರು ರಸ್ತೆ ತಿರುಗಿ ಮರೆಯಾಗುವವರೆಗೆ ತಡೆದುಕೊಂಡ. ಆಮೇಲೆ ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ತಲೆ ಕೊಟ್ಟು ಗೊಳೋ ಎಂದು ಅತ್ತ.