ಕಂಪೌಂಡರ ಎಂಟು ದಿನಗಳು

ಕಳೆದ ವಾರ ಕೆಳಗಿನ ಮನೆಯ ಹುಡುಗಿ ಮೆಟ್ಟಿಲ ಮೇಲೆ ಒಂದು ಚಿಕ್ಕ ಡಬ್ಬಿ ಬೀಳಿಸಿಕೊಂಡು ಹೋಗಿದ್ದಳು. ಪಿಟೀಲು ಕಲಿಯುತ್ತಿದ್ದಾಳೆ, ಸಂಜೆ ಐದಕ್ಕೆ ಶುರುವಾದರೆ ಆರರವರೆಗೆ ಒಂದೇ ಸರಳೆ. ಡಬ್ಬಿ ಎತ್ತಿಕೊಂಡು ಮುಚ್ಚಳ ತೆಗೆದೆ. ಒಳಗೆ ಜೇನುಬಣ್ಣದ ರಾಳದ ಬಿಲ್ಲೆ, ನಡುವೆ ಕಮಾನು ತಿಕ್ಕಿ ತಿಕ್ಕಿ ಆದ ಗೀರು. ಮೂಗಿನ ಹತ್ತಿರ ಹಿಡಿದೆ... ಆಮೇಲೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆಯೇ ಕೂತೆ. ಮೊಣಕಾಲು ನೋವೂ ಇತ್ತು ಅನ್ನಿ.

ಆ ವಾಸನೆಯ ಜೊತೆಗೆ ನನಗೆ ಸ್ಪಿರಿಟ್ಟಿನ ವಾಸನೆಯೂ ಬರಬೇಕು. ಏಕೆಂದರೆ ನಾನು ಹತ್ತಿರದಿಂದ ಕಂಡ ಒಬ್ಬರೇ ಪಿಟೀಲುಗಾರರು ಸಿದ್ದಾಪುರದ ದವಾಖಾನೆಯಲ್ಲಿ ಔಷಧ ಬೆರೆಸುವ ಕಂಪೌಂಡರು. ಕರಾವಳಿಯ ಕೊಂಕಣಿ ಮಾತಿನವರು, ನಲವತ್ತೈದರ ಆಸುಪಾಸು, ತೆಳ್ಳಗೆ, ಎತ್ತರಕ್ಕೆ. ಡಾಕ್ಟರು ಬರೆದ ಚೀಟಿಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಓದುತ್ತಿದ್ದರು. ಒಬ್ಬರೇ ಇದ್ದರು. ಯಾಕೆ ಒಬ್ಬರೇ ಎಂದು ಊರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಗ ನನಗೆ ಇಪ್ಪತ್ತೆರಡು. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷ. ಕೋಲಸಿರ್ಸಿಯ ನಮ್ಮ ಮನೆಯಿಂದ ಸೈಕಲ್ ಮೇಲೆ ಬಂದು ಸಿದ್ದಾಪುರದ ಶಾಲೆಯಲ್ಲಿ ಕಲಿಸುತ್ತಿದ್ದೆ. ಅದಕ್ಕೂ ಮೊದಲು ಒಂದು ನಾಟಕ ಕಂಪನಿ ಶಿರಸಿಯಲ್ಲಿ ಮೂರು ತಿಂಗಳು ಡೇರೆ ಹಾಕಿದ್ದಾಗ ಅವರ ತಬಲಾದವರ ಕಾಲು ಹಿಡಿದು ಒಂದಿಷ್ಟು ಕಲಿತಿದ್ದೆ. ಉಳಿದದ್ದು ಭಜನೆಗಳಲ್ಲಿ ಬಾರಿಸಿ ಬಾರಿಸಿ ಬಂದದ್ದು. ಒಂದು ದಿನ ಜ್ವರಕ್ಕೆ ಔಷಧ ತರಲು ಹೋದವನು ದವಾಖಾನೆಯ ಬೆಂಚಿನ ಮೇಲೆ ಕೂತು, ಅಭ್ಯಾಸಬಲದಿಂದ ಬೆರಳಾಡಿಸುತ್ತಿದ್ದೆ. ಕಿಟಕಿಯ ಆಚೆ ಕಂಪೌಂಡರು ಖಲಬತ್ತಿನಲ್ಲಿ ಏನನ್ನೋ ಅರೆಯುತ್ತಿದ್ದರು. ಅರೆಯುವುದು ನಿಂತಿತು.

"ಮಾಸ್ತರೆ, ಹದಿಮೂರನೇ ಮಾತ್ರೆ ನುಂಗಿದ್ರಿ," ಎಂದರು.

ಅವರು ಹೇಳಿದ್ದು ತಾಳದ ಮಾತ್ರೆ. ನಾನು ನನ್ನ ಜ್ವರದ ಮಾತ್ರೆಯ ವಿಷಯವೆಂದು ತಿಳಿದು, "ಇನ್ನೂ ಒಂದೂ ಕೊಟ್ಟಿಲ್ವಲ್ಲ," ಎಂದೆ. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ದವಾಖಾನೆಯವರು ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲವಂತೆ.

ಹಾಗೆ ನಾನು ಅವರ ಗುಂಪಿಗೆ ಸೇರಿದೆ. ಗುಂಪೆಂದರೆ ಮೂವರು. ಪಿಟೀಲಿಗೆ ಕಂಪೌಂಡರು. ಹಾರ್ಮೋನಿಯಂಗೆ ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಒಬ್ಬ ದರ್ಜಿ. ಹಾಡಲು ಯಲ್ಲಾಪುರದ ಅರಣ್ಯ ಕಚೇರಿಯ ಗುಮಾಸ್ತರು. ಮರಾಠಿ ನಾಟಕದ ಪದಗಳೆಂದರೆ ಅವರಿಗೆ ಪ್ರಾಣ, ಮೇಲಿನ ಷಡ್ಜಕ್ಕೆ ಹೋದರೆ ಮಾತ್ರ ಗಂಟಲು ಕೈಕೊಡುತ್ತಿತ್ತು. ತಾಳಕ್ಕೆ ಯಾರೂ ಇರಲಿಲ್ಲ. ದರ್ಜಿ ಕಾಲಿನಿಂದ ನೆಲ ಕುಟ್ಟಿ ನಿಭಾಯಿಸುತ್ತಿದ್ದರಂತೆ. ನಾಲ್ವರೂ ಮೂರು ಊರುಗಳಲ್ಲಿ ಹಂಚಿಹೋಗಿದ್ದುದರಿಂದ ವರ್ಷವಿಡೀ ಕೂಡಿ ನುಡಿಸಲು ಆಗುತ್ತಿರಲಿಲ್ಲ. ಡಿಸೆಂಬರಿನ ನಾತಾಳ, ಅಂದರೆ ಕ್ರಿಸ್‌ಮಸ್, ರಜೆಯಲ್ಲಿ ಎಂಟು ದಿನ ವಜ್ರಳ್ಳಿಯ ದಾರಿಯಲ್ಲಿದ್ದ ಅರಣ್ಯ ಇಲಾಖೆಯ ಬಂಗಲೆಗೆ ಹೋಗುತ್ತಿದ್ದೆವು. ಪರವಾನಗಿ ಗುಮಾಸ್ತರದು, ಅಕ್ಕಿ-ಬೇಳೆ ಎಲ್ಲರದು. ಯಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ಮರ ತರಲು ಖಾಲಿ ಹೋಗುತ್ತಿದ್ದ ಲಾರಿ. ಲಾರಿಯ ಹಿಂದೆ ಕಂಪೌಂಡರು ಪಿಟೀಲನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು.

ಬಂಗಲೆಗೆ ಅಗಲವಾದ ಜಗಲಿ, ಎರಡು ಆರಾಮಕುರ್ಚಿ, ಇಳಿದು ಹೋದರೆ ಒಂದು ಹಳ್ಳ. ಬೆಳಗಿನ ಇಬ್ಬನಿ ಆರಿ ಜಗಲಿಗೆ ಬಿಸಿಲು ಬಂದೊಡನೆ ಚಾಪೆ ಹಾಸುತ್ತಿದ್ದೆವು. ಕೇಳುವವರು ಯಾರೂ ಇರಲಿಲ್ಲ. ಬಂಗಲೆಯ ಕಾವಲುಗಾರ ಮೊದಲ ದಿನವೇ, "ನೀವು ಬಂದ್ಮೇಲೆ ಹಂದಿ ಕಾಟ ಇಲ್ಲ ಸ್ವಾಮಿ," ಎಂದಿದ್ದ. ಅದು ಹೊಗಳಿಕೆಯೋ ಅಲ್ಲವೋ ಎಂದು ದರ್ಜಿ ಎಂಟು ದಿನವೂ ಯೋಚಿಸಿದರು.

ಕಂಪೌಂಡರದು ಒಂದೇ ನಿಯಮ. ಯಾರೂ ಯಾರನ್ನೂ ತಿದ್ದಬಾರದು. ಯಾವುದಾದರೂ ಪದ ನಡುವೆ ಕುಸಿದು ಬಿದ್ದರೆ ನಿಲ್ಲಿಸಿ, ಚಹಾ ಕುಡಿದು, ಮೊದಲಿನಿಂದ ಶುರುಮಾಡಬೇಕು. ಹೀಗಾಗಿ ಚಹಾ ಬಹಳ ಕುಡಿಯುತ್ತಿದ್ದೆವು. ಒಮ್ಮೆ ಅವರ ಕಮಾನಿನ ಕೂದಲು ಕಿತ್ತುಬಂದಾಗ, ಶಿರಸಿಯ ಟಾಂಗಾ ಕುದುರೆಯ ಬಾಲದಿಂದ ಕೂದಲು ತಂದು ದರ್ಜಿಯೇ ಕಟ್ಟಿಕೊಟ್ಟಿದ್ದರು. ಆ ಕಮಾನಿನಲ್ಲಿ ಪಿಟೀಲು ತುಸು ಒರಟಾಗಿ ನುಡಿಯುತ್ತಿತ್ತು. ಆದರೂ ನಾಲ್ಕೈದನೆಯ ದಿನದ ಹೊತ್ತಿಗೆ, ಹೇಗೋ, ಯಾರೂ ಕಣ್ಣು ತೆರೆದು ಒಬ್ಬರನ್ನೊಬ್ಬರು ನೋಡದೆಯೇ ತಾಳದ ಮೊದಲ ಪೆಟ್ಟಿಗೆ, ಒಂದೇ ಸಮಕ್ಕೆ, ಬಂದು ಇಳಿಯುತ್ತಿದ್ದೆವು. ಆಗ ಕಂಪೌಂಡರ ಮುಖದಲ್ಲಿ... ಅದನ್ನು ಏನೆನ್ನಬೇಕೋ. ಹಸಿದವನು ಊಟಕ್ಕೆ ಕೂತ ಹಾಗೆ ಇರುತ್ತಿತ್ತು.

ಮೂರನೆಯ ವರ್ಷ, ದೀಪಾವಳಿ ಕಳೆದ ಮೇಲೆ, ಶಿರಸಿಯ ಒಂದು ಮದುವೆ ಮನೆಯಲ್ಲಿ ಸಂಗೀತ ಇತ್ತು. ತಬಲಾದವನಿಗೆ ಜ್ವರ ಬಂದು ನನ್ನನ್ನು ಕೂರಿಸಿದರು. ಬೀಗರ ಕಡೆಯಿಂದ ಹುಬ್ಬಳ್ಳಿಯ ಒಬ್ಬ ಹಿರಿಯ ತಬಲಾ ಉಸ್ತಾದರು ಬಂದಿದ್ದರು. ಕಚೇರಿ ಮುಗಿದ ಮೇಲೆ ನನ್ನನ್ನು ಕರೆದು ಬಲಗೈ ಹಿಡಿದು ಬೆರಳು ಒಂದೊಂದನ್ನೇ ಮಡಚಿ ನೋಡಿದರು.

"ನಾಕು ವರ್ಷ ನನ್ನ ಮನ್ಯಾಗ ಇರು ತಮ್ಮಾ. ರೊಟ್ಟಿ ನಂದು, ರಿಯಾಜು ನಿಂದು. ಆದರ ನೌಕರಿ ಬಿಟ್ಟು ಬರಬೇಕು. ಜೂನ್ ತಿಂಗಳದಾಗ ಬಾ," ಎಂದರು.

ನನಗೆ ಆಮೇಲಿನ ತಿಂಗಳು ಶಾಲೆಯಲ್ಲಿ ಏನು ಕಲಿಸಿದೆನೋ ನೆನಪಿಲ್ಲ. ಅಪ್ಪಯ್ಯನ ಹತ್ತಿರ ಹೇಳಲು ಹದಿನೈದು ದಿನ ಬೇಕಾಯಿತು. ಸರ್ಕಾರಿ ಕೆಲಸ ಬಿಡುವ ಮಾತಿಗೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ಯಂಗೆ ಸಂಗೀತ ಗೊತ್ತಿಲ್ಲೆ ತಮಾ," ಎಂದರು. "ನಿಮ್ಮ ಕಂಪೌಂಡರ್ ಹತ್ರ ಕೇಳು. ಅವ್ರು ಹೋಗು ಹೇಳಿದ್ರೆ ಹೋಗು, ಆನು ಅಡ್ಡ ಬತ್ನಿಲ್ಲೆ. ಬ್ಯಾಡ ಹೇಳಿದ್ರೆ ಮತ್ತೆ ಆ ಸುದ್ದಿ ಎತ್ತಡ."

ಆ ವರ್ಷ ಬಂಗಲೆಗೆ ಹೋದ ಮೊದಲ ಬೆಳಗ್ಗೆಯೇ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಕಂಪೌಂಡರಿಗೆ ಎಲ್ಲ ಹೇಳಿದೆ. ಅಪ್ಪಯ್ಯನ ಮಾತನ್ನೂ ಹೇಳಿದೆ. ಅವರು ಅಂಗಿ ಹಿಂಡಿ ಬಂಡೆಯ ಮೇಲೆ ಹರಡಿದರು. ಕಾಲರು ನೇರ ಮಾಡಿದರು. "ಒಂದು ದಿನ ಕೊಡಿ ಮಾಸ್ತರೆ," ಎಂದರು.

ಮರುದಿನ ಬೆಳಗ್ಗೆ ಜಗಲಿಯಲ್ಲಿ ನನ್ನೊಬ್ಬನನ್ನೇ ಕೂರಿಸಿದರು. ದರ್ಜಿ ಹಾರ್ಮೋನಿಯಂ ಮೇಲೆ ತಾಳಕ್ಕೆ ಲೆಕ್ಕ ಕೊಡುವ ಲೆಹರಾದ ಒಂದೇ ಸಾಲನ್ನು ಸುತ್ತಿ ಸುತ್ತಿ ಹಿಡಿದರು, ಗುಮಾಸ್ತರು ಕಂಬಕ್ಕೆ ಒರಗಿ ಕೂತರು. ನನಗೆ ಗೊತ್ತಿದ್ದದ್ದೆಲ್ಲವನ್ನೂ ನುಡಿಸಿದೆ. ಗೊತ್ತಿಲ್ಲದ್ದೂ ಅವತ್ತು ಕೈಗೆ ಬಂತು ಅನ್ನಿಸಿತ್ತು. ಕಂಪೌಂಡರು ಇಡೀ ಹೊತ್ತು ಕಣ್ಣು ಮುಚ್ಚಿಯೇ ಇದ್ದರು. ಮುಗಿದ ಮೇಲೆ ಕಣ್ಣು ತೆರೆದರು. ನನ್ನನ್ನು ನೋಡಲಿಲ್ಲ, ತಬಲಾ ನೋಡಿದರು.

"ಬೇಡ ಮಾಸ್ತರೆ. ನಿಮ್ದು ಜೊತೆಗೆ ಹೋಗುವ ಕೈ. ಒಂದೇ ನಿಲ್ಲುವ ಕೈ ಅಲ್ಲ. ಅಲ್ಲಿ ಹೋಗಿ ನಾಕು ವರ್ಷ ಆದ್ಮೇಲೆ ಅದು ಗೊತ್ತಾದ್ರೆ ಎಂತ ಮಾಡ್ತ್ರಿ?"

ದರ್ಜಿಯ ಕಡೆ ನೋಡಿದೆ. ಅವರು ಹಾರ್ಮೋನಿಯಂನ ಗುಂಡಿಗಳನ್ನು ಒಂದೊಂದಾಗಿ ಒಳಗೆ ತಳ್ಳುತ್ತಿದ್ದರು. ಗುಮಾಸ್ತರು ಎದ್ದು ಒಳಗೆ ಹೋದರು. ನಾನು ಸ್ನಾನಕ್ಕೆಂದು ಹಳ್ಳಕ್ಕೆ ಇಳಿದು ಹೋದೆ, ನೀರಲ್ಲಿ ಬಹಳ ಹೊತ್ತು ಕೂತೆ. ಮಧ್ಯಾಹ್ನ ಊಟದ ಮೇಲೆ ಎಂದಿನಂತೆ ನಾಲ್ವರೂ ನುಡಿಸಿದೆವು. ಉಸ್ತಾದರಿಗೆ, ಮನೆಯಲ್ಲಿ ಅನುಕೂಲವಿಲ್ಲ, ಬರಲಾಗುವುದಿಲ್ಲ ಎಂದು ಕಾರ್ಡು ಬರೆದೆ.

ದುಃಖವಾಯಿತೇ ಎಂದರೆ, ಆಯಿತು. ಆದರೆ ಜೊತೆಗೆ ಒಂದು ಬಗೆಯ ಹಗುರವೂ ಆಯಿತು. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಅವರ ಕಿವಿಯ ಮೇಲೆ ನನಗೆ ನಂಬಿಕೆಯಿತ್ತು. ಮದುವೆಯಾದೆ, ಮಕ್ಕಳಾದವು. ಇನ್ನೂ ನಾಲ್ಕು ನಾತಾಳ ಬಂಗಲೆಗೆ ಹೋದೆವು. ನಿಜ ಹೇಳಬೇಕೆಂದರೆ ನಾವು ಅತ್ಯಂತ ಚೆನ್ನಾಗಿ ನುಡಿಸಿದ್ದು ಆ ನಾಲ್ಕು ವರ್ಷಗಳಲ್ಲೇ. ಆಮೇಲೆ ಕಂಪೌಂಡರಿಗೆ ಅಂಕೋಲೆಯ ಕಡೆ ವರ್ಗವಾಯಿತು. ಪಿಟೀಲಿಲ್ಲದೆ ಒಂದು ವರ್ಷ ಹೋದೆವು. ಮೂರನೆಯ ದಿನಕ್ಕೇ ಎದ್ದು ಬಂದೆವು.

ಅದಾಗಿ ನಾಲ್ಕೈದು ವರ್ಷಕ್ಕೆ ಮಗಳ ಲಂಗಕ್ಕೆ ಬಟ್ಟೆ ಕೊಡಲು ದರ್ಜಿಯ ಅಂಗಡಿಗೆ ಹೋಗಿದ್ದೆ. ಅವರಿಗೆ ಆಗ ಎದೆನೋವು ಬಂದು ಹೋಗಿತ್ತು. ಅಳತೆ ಬರೆದುಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, "ಕುಂದರ್ರಿ ಮಾಸ್ತರ್ರ, ಒಂದು ಮಾತು ಐತಿ," ಎಂದರು.

"ಅವತ್ತು ನೀವು ಹಳ್ಳಕ್ಕ ಹೋದ್ರಿ ನೋಡ್ರಿ, ಆವಾಗ ನಾನು ಕಂಪೌಂಡರ್‌ನ ಕೇಳಿದೆ. ಹಿಂಗ್ಯಾಕ ಹೇಳಿದ್ರಿ, ಹುಡುಗನ ಕೈ ಅಷ್ಟು ಚಲೋ ಐತೆಲ್ಲ ಅಂತ. ಅದಕ್ಕ ಅವರು ಏನಂದ್ರು ಗೊತ್ತೇನ್ರಿ? ಕೈ ಚಲೋ ಇರೂದಕ್ಕೇ ಹೇಳಿದ್ದು, ಹೋದ್ರೆ ತಿರುಗಿ ಬರೂದಿಲ್ಲ, ಆಮೇಲೆ ನಮಗೆ ಯಾರಿದಾರೆ ಅಂದ್ರು." ಬಟ್ಟೆ ಮಡಚಿಡುತ್ತ ಸೇರಿಸಿದರು: "ನಾವಿಬ್ರೂ ಬಾಯಿ ಮುಚ್ಚಿಕೊಂಡು ಕುಂತ್ವಿ. ನಮಗೂ ತಬಲಾ ಬೇಕಾಗಿತ್ರಿ."

ಲಂಗ ಯಾವಾಗ ಸಿಗುತ್ತದೆ ಎಂದು ಕೇಳಿ ಹೊರಗೆ ಬಂದೆ.

ಮುಂದಿನ ಭಾನುವಾರ ಘಟ್ಟ ಇಳಿಯುವ ಬಸ್ಸು ಹತ್ತಿದೆ. ಕಂಪೌಂಡರು ನಿವೃತ್ತರಾಗಿ ಅಣ್ಣನ ಮಗಳ ಮನೆಯಲ್ಲಿದ್ದರು. ನನ್ನನ್ನು ಕಂಡು ಅವರಿಗಾದ ಸಂತೋಷ ನೋಡಲಾಗಲಿಲ್ಲ. ಊಟಕ್ಕೆ ಕೂರಿಸಿದರು. ಅವರ ಬಲಗೈ ನಡುಗುತ್ತಿತ್ತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಎಲೆಗೆ ಬೀಳುತ್ತಿತ್ತು. ಪಿಟೀಲಿನ ಪೆಟ್ಟಿಗೆ ಮೂಲೆಯಲ್ಲಿತ್ತು, ಅದರ ಮೇಲೆ ಮಡಚಿದ ಬಟ್ಟೆಗಳಿದ್ದವು. ಊಟವಾಗಿ ಅಂಗಳದ ಕಟ್ಟೆಯ ಮೇಲೆ ಕೂತಾಗ ಕೇಳಿದೆ.

"ಅವತ್ತು ನೀವು ನನ್ನ ಕೈ ಬಗ್ಗೆ ಹೇಳಿದ್ದು ನಿಜವಾ ಕಂಪೌಂಡರೆ?"

ಅವರು ಯಾವತ್ತು ಎಂದು ಕೇಳಲಿಲ್ಲ.

"ಸುಳ್ಳು," ಎಂದರು.

ಆಮೇಲೆ ಅವರೇ ಹೇಳಿದರು. ಹೆಂಡತಿ ಮತ್ತು ಎರಡು ವರ್ಷದ ಮಗ ಒಂದೇ ವಾರದಲ್ಲಿ ಜ್ವರದಿಂದ ಹೋದರಂತೆ. ಅದಾದ ಮೇಲೇ ಸಿದ್ದಾಪುರಕ್ಕೆ ಬಂದದ್ದು. "ಊರಿಗೆಲ್ಲ ಔಷಧ ಕೊಡೂದು, ಮನೆಗೆ ಬಂದು ಗೋಡೆ ನೋಡೂದು. ಆ ಎಂಟು ದಿನ ಬಂತು ಅಂದ್ರೆ ಮತ್ತೆ ಒಂದು ವರ್ಷ ಹೇಗೋ ತೆಗೀತಿದ್ದೆ. ನೀವು ಬಂದ್ಮೇಲೇ ಅದು ಸಂಗೀತ ಆದದ್ದು. ಬಿಡ್ಲಿಕ್ಕೆ ಆಗ್ಲಿಲ್ಲ ಮಾಸ್ತರೆ." ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಸಿಟ್ಟು ಬಂತಾ?" ಎಂದರು.

"ಗೊತ್ತಿಲ್ಲ," ಎಂದೆ. ಗೊತ್ತಿರಲಿಲ್ಲ ಕೂಡ. ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಸಿಟ್ಟು ಬಂದದ್ದು ಎರಡು ತಿಂಗಳ ಮೇಲೆ, ಶಾಲೆಯಲ್ಲಿ. ಮಕ್ಕಳು ಮಗ್ಗಿ ಹೇಳುತ್ತಿದ್ದರು. ನನ್ನ ಬೆರಳು ತಾನಾಗಿ ಮೇಜಿನ ಮೇಲೆ ಆಡುತ್ತಿತ್ತು. ಮುಂದಿನ ಸಾಲಿನ ಒಬ್ಬಳು ಮಗ್ಗಿ ಮರೆತು ಬೆರಳನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿ ಜೇಬಿಗೆ ಹಾಕಿಕೊಂಡೆ. ಆ ಕ್ಷಣ ಎದೆಯಲ್ಲಿ ಎದ್ದದ್ದು ಸಂಜೆಯವರೆಗೂ ಇಳಿಯಲಿಲ್ಲ. ಮನೆಗೆ ಹೋಗಿ ನಾಲ್ಕು ಪುಟದ ಕಾಗದ ಬರೆದೆ. ನಿಮ್ಮ ಎಂಟು ದಿನಕ್ಕೆ ನನ್ನ ಇಡೀ ಬಾಳನ್ನು ತೆಗೆದುಕೊಂಡಿರಿ ಎಂದು ಬರೆದೆ. ಇನ್ನೂ ಏನೇನೋ. ಮತ್ತೆ ಓದಲಿಲ್ಲ, ಅಂಚೆಗೆ ಹಾಕಿದೆ.

ಉತ್ತರವಾಗಿ ಒಂದು ಕಾರ್ಡು ಬಂತು. ಅಕ್ಷರಗಳು ಸಾಲು ಬಿಟ್ಟು ಮೇಲೆ ಕೆಳಗೆ ಹೋಗಿದ್ದವು. "ನೀವು ಬರೆದದ್ದು ಸರಿ. ನಾತಾಳ ರಜೆಗೆ ಇಲ್ಲಿಗೆ ಬನ್ನಿ" ಎಂದಷ್ಟೇ ಇತ್ತು.

ನಾನು ಹೋಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಅಣ್ಣನ ಮಗಳು ಬರೆದಳು, ಅವರು ಹೋದರು ಎಂದು.

ಉಸ್ತಾದರು ನನ್ನ ಕೈಯಲ್ಲಿ ಕಂಡದ್ದು ಪೂರ್ತಿ ನಿಜವಿತ್ತೋ, ಹುಬ್ಬಳ್ಳಿಗೆ ಹೋಗಿದ್ದರೆ ನಾನು ಏನಾಗುತ್ತಿದ್ದೆನೋ ಹೇಳಲು ಬರುವುದಿಲ್ಲ. ಅರ್ಧಕ್ಕೇ ತಿರುಗಿ ಬಂದವರನ್ನೂ ಕಂಡಿದ್ದೇನೆ. ದರ್ಜಿ ಹೋಗಿ ಬಹಳ ವರ್ಷವಾಯಿತು, ಗುಮಾಸ್ತರೂ ಇಲ್ಲ. ಆ ಜಗಲಿಯಲ್ಲಿ ನಾವು ಹೇಗೆ ನುಡಿಸುತ್ತಿದ್ದೆವು ಎಂದು ಕೇಳಿದರೆ ಹೇಳಬಲ್ಲವನು ನಾನೊಬ್ಬನೇ, ಕೇಳುವವರು ಯಾರೂ ಇಲ್ಲ. ಕಂಪೌಂಡರು ಬದುಕಿದ್ದಕ್ಕಿಂತ ಇಪ್ಪತ್ತು ವರ್ಷ ಹೆಚ್ಚು ಬದುಕಿದ್ದೇನೆ. ಈ ವರ್ಷಗಳ ನಡುವೆ ಎಲ್ಲೋ ಆ ಸಿಟ್ಟು ಹೋಯಿತು. ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ತಿಳಿದಾಗ, ಹೇಳಿಬರಲು ಅವರು ಇರಲಿಲ್ಲ.