ಮಾವನ ರುಮಾಲಿಗೆ ಬಂದ ಜೇನು

ನಾನು ಚಿಕ್ಕವನಿದ್ದಾಗ, ಗೊಬ್ಬೂರಿನ ನಮ್ಮ ಹೊಲದ ಬೇವಿನ ಗಿಡದ ಕೆಳಗೆ ಅಕ್ಕನ ಜೇನುಪೆಟ್ಟಿಗೆ ಇತ್ತು. ಅಕ್ಕ ಆ ಹುಳುಗಳನ್ನು ನನಗಿಂತ ಹೆಚ್ಚು ಮುದ್ದು ಮಾಡುತ್ತಿದ್ದಳು. ನನಗೆ ಹೊಟ್ಟೆಕಿಚ್ಚು.

ಎಳ್ಳಮಾವಾಸ್ಯೆಯ ದಿನ ಬಳಗವೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಬಂತು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ನೆರಳಲ್ಲಿ ಕೂತು ಉಣ್ಣುವುದು ನಮ್ಮ ಕಡೆಯ ಪದ್ಧತಿ. ನೆರಳು ಇದ್ದದ್ದು ಆ ಬೇವಿನದೊಂದೇ. ಎಲ್ಲರಿಗೂ ಜಾಗ ಸಾಲದೆಂದು ಅಪ್ಪ ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಿ, ಎತ್ತಿಕೊಂಡು ಹೋಗಿ ಬಾವಿಯ ಹತ್ತಿರ ಇಟ್ಟು ಬಂದ.

ಅಕ್ಕನಿಗೆ ಅಳುವೇ ಬಂತು. "ಅರ್ಧಾ ಹುಳಾ ಕುಸುಬಿ ಹೂವಿಗೆ ಹೋಗ್ಯಾವ ಅಪ್ಪಾ. ಮನೀ ಸಿಗಲಿಲ್ಲಂದ್ರ ರಾತ್ರಿ ಥಂಡಿಗೆ ಸಾಯ್ತಾವ."

"ಕಣ್ಣಿಗಿ ಕಾಣೂ ಹಂಗ ಇಟ್ಟೀನಿ. ಅವಕ್ಕೇನು ಕಣ್ಣಿಲ್ಲೇನು?" ಎಂದ ಅಪ್ಪ.

ಕಣ್ಣೇನೋ ಇದ್ದವು. ಆದರೆ ಜೇನು ಸೂರ್ಯನನ್ನು, ಗಿಡಗಳನ್ನು ನೋಡಿ ದಾರಿಯ ಗುರುತು ಇಟ್ಟುಕೊಳ್ಳುತ್ತದೆ. ಮನೆ ಇದ್ದ ಜಾಗಕ್ಕೇ ನೇರ ಬರುತ್ತದೆ. ಅದು ಅಪ್ಪನಿಗೆ ಗೊತ್ತಿರಲಿಲ್ಲ. ಆ ಜಾಗದಲ್ಲಿ ಈಗ ಹೊಸ ರುಮಾಲು ಸುತ್ತಿದ ಸೋದರಮಾವ ಊಟಕ್ಕೆ ಕೂತಿದ್ದ.

ಮಾವ ಸಜ್ಜೆ ರೊಟ್ಟಿ ಮುರಿದು ಕಾಳು-ಸೊಪ್ಪಿನ ಭಜ್ಜಿಗೆ ಅದ್ದುವಷ್ಟರಲ್ಲಿ ಒಂದು ಜೇನು ರುಮಾಲಿನ ಮೇಲೆ ಕೂತಿತು. ಆಮೇಲೆ ಇನ್ನೊಂದು. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬರುತ್ತಲೇ ಇದ್ದವು. ರುಮಾಲು ಗುಂಯ್ಯೆನ್ನತೊಡಗಿತು. ಬಳಗವೆಲ್ಲ ತಾಟು ಬಿಟ್ಟು ಓಡಿತು.

"ಮಾವಾ, ಅಲ್ಲಾಡಬ್ಯಾಡ್ರಿ," ಎಂದಳು ಅಕ್ಕ.

"ಉಣ್ಲೋ ಬ್ಯಾಡೋ?"

"ಉಣ್ರಿ. ತಲಿ ಅಷ್ಟ ಅಲ್ಲಾಡಸಬ್ಯಾಡ್ರಿ."

ಮಾವ ಕಲ್ಲಿನಂತೆ ಕೂತು ತಾಟು ಪೂರ್ತಿ ಮುಗಿಸಿದ. ಅಕ್ಕ ರುಮಾಲನ್ನು ಮೆಲ್ಲಗೆ ಎತ್ತಿ ಅಲ್ಲೇ ಕೆಳಗಿಟ್ಟಳು. ಮಾವ ಕೂತಲ್ಲಿಂದಲೇ ಜಾರಿಕೊಂಡ. ಅಪ್ಪ ಪೆಟ್ಟಿಗೆ ಹೊತ್ತು ತಂದು ಹಳೆಯ ಜಾಗದಲ್ಲಿಟ್ಟು ಬಟ್ಟೆ ತೆಗೆದ. ಹೊತ್ತು ಮುಳುಗುವುದರೊಳಗೆ ಹುಳುಗಳೆಲ್ಲ ಒಂದೊಂದಾಗಿ ಒಳಗೆ ಹೋದವು. ಅಕ್ಕ ಆಗ ಊಟಕ್ಕೆ ಕೂತಳು. ಮಾವನ ತಲೆ ಬೋಳು ಎಂಬುದು ಬಳಗಕ್ಕೆ ತಿಳಿದದ್ದೂ ಅವತ್ತೇ.

ಈಗ ನಿಮಗೆ ದಾರಿ ಹೇಳಲು ಫೋನಿದೆ, ಮಕ್ಕಳೇ. ಆದರೂ ನಾವು ಪಕ್ಕದ ಓಣಿಗೆ ಮನೆ ಬದಲಿಸಿದ ಮೇಲೆ ಪಾರ್ಸಲ್ ತರುವವನು ಹಳೆಯ ಮನೆಯ ಮುಂದೆಯೇ ನಿಂತಿರುತ್ತಾನೆ. ನೀವು ಅವನಿಗೆ ಬೈಯುತ್ತೀರಿ. ನನಗೆ ಬೈಯಲು ಬಾಯಿ ಬರುವುದಿಲ್ಲ. ನಿನ್ನೆ ಸಂಜೆ ಮಠದಿಂದ ಬರುತ್ತ ನಾನೂ ಹಳೆಯ ಮನೆಗೇ ಹೋಗಿ, ಚಪ್ಪಲಿ ಬಿಟ್ಟು, ನಿಮ್ಮ ಅವ್ವನಿಗೆ ಹೇಳುವ ಹಾಗೆ "ಚಹಾ ತಾರವ್ವಾ" ಎಂದು ಕೂತುಬಿಟ್ಟಿದ್ದೆ. ಆ ಮನೆಯವರು ಒಳ್ಳೆಯವರು. ಚಹಾ ಕೊಟ್ಟೇ ಕಳಿಸಿದರು.